ಗಡಿಯಾಚೆಯ ವ್ಯಾಪಾರಕ್ಕೆ ಸಹಿ ಹಾಕುವ ಮುನ್ನ: ಬಾಕಿ ವಸೂಲಾಗುವಂಥ ಕರಾರು ಬರೆಯುವುದು ಹೇಗೆ

ನೀವು ಬೇರೆ ದೇಶದ ಒಂದು ಕಂಪನಿಗೆ ಸರಕು ಕಳಿಸಿದ್ದೀರಿ ಅಂದುಕೊಳ್ಳಿ. ಸರಕು ತಲುಪಿತು, ದುಡ್ಡು ಬರಲಿಲ್ಲ. ಫೋನ್ ಮಾಡಿದರೆ 'ಮುಂದಿನ ವಾರ' ಅನ್ನುತ್ತಾರೆ. ಆಮೇಲೆ ಫೋನನ್ನೇ ಎತ್ತುವುದಿಲ್ಲ. ನಿಮ್ಮ ದೇಶದ ಕೋರ್ಟಿನಲ್ಲಿ ದಾವೆ ಹೂಡಿದಿರಿ. ಅವರು ಬರಲೇ ಇಲ್ಲ. ಎರಡು ಮೂರು ವರ್ಷ ಅಲೆದ ಮೇಲೆ ತೀರ್ಪು ನಿಮ್ಮ ಪರ ಬಂತು. ಸಂತೋಷ. ಈಗ ಆ ಕಾಗದ ಹಿಡಿದು ಎಲ್ಲಿಗೆ ಹೋಗುತ್ತೀರಿ?

ಅವರ ಬ್ಯಾಂಕ್ ಖಾತೆ, ಗೋದಾಮು, ಯಂತ್ರ ಎಲ್ಲ ಇರುವುದು ಅವರ ದೇಶದಲ್ಲಿ. ನಿಮ್ಮ ಕೋರ್ಟಿನ ಸೀಲಿಗೆ ಅಲ್ಲಿ ಎಷ್ಟು ಬೆಲೆ? ಅದು ಆ ದೇಶದ ಕಾನೂನು ಮತ್ತು ಎರಡು ದೇಶಗಳ ನಡುವಿನ ಒಡಂಬಡಿಕೆಯ ಮೇಲೆ ನಿಂತಿದೆ. ಕೆಲವು ಕಡೆ ಮೊದಲಿನಿಂದ ಮತ್ತೆ ದಾವೆ ಹೂಡಬೇಕಾಗುತ್ತದೆ.

ಹಾಗಾಗಿ ಇಂಥ ಕರಾರುಗಳನ್ನು ನಾನು ಹಿಂದಿನಿಂದ ಓದುತ್ತೇನೆ. ಮೊದಲು ಕೊನೆಯ ಪುಟ, ಆಮೇಲೆ ಬೆಲೆ, ಪ್ರಮಾಣ, ಗಡುವು. ಬಹಳ ಜನ ಉಲ್ಟಾ ಮಾಡುತ್ತಾರೆ. ವಾರಗಟ್ಟಲೆ ಬೆಲೆಗೆ ಚೌಕಾಸಿ ಮಾಡಿ, ಜಗಳ ಬಂದರೆ ಎಲ್ಲಿ, ಹೇಗೆ ಬಗೆಹರಿಸಬೇಕು ಅಂತ ಹೇಳುವ ಕೊನೆಯ ಪುಟದ ಕಲಂ ಅನ್ನು ಯಾವುದೋ ಹಳೇ ಫೈಲಿನಿಂದ ತಂದು ಅಂಟಿಸುತ್ತಾರೆ. ವಕೀಲರು ಇದನ್ನು 'ಮಿಡ್‌ನೈಟ್ ಕ್ಲಾಝ್' ಅಂತ ಕರೆಯುವುದು ಸುಮ್ನೆ ಅಲ್ಲ. ನಡುರಾತ್ರಿ, ಎಲ್ಲರಿಗೂ ಯಾವಾಗ ಮುಗಿಯುತ್ತದೋ ಅನ್ನಿಸುತ್ತಿರುವಾಗ ಸೇರಿಸುವ ಕಲಂ ಅದು. ಈ ಬರಹವೂ ವಸೂಲಿಯಿಂದಲೇ ಶುರುವಾಗುತ್ತದೆ.

ಹೆಜ್ಜೆ 1: ಎದುರಿಗಿರುವವರು ಯಾರು, ಅವರ ದುಡ್ಡು ಎಲ್ಲಿದೆ?

ವಿಸಿಟಿಂಗ್ ಕಾರ್ಡಿನ ಮೇಲಿರುವ ಹೆಸರು ಕಂಪನಿಯ ಹೆಸರೇ ಆಗಿರಬೇಕು ಅಂತೇನಿಲ್ಲ. ಅದು ಬ್ರ್ಯಾಂಡ್ ಇರಬಹುದು, ಹತ್ತು ಕಂಪನಿಗಳ ಒಂದು ಗುಂಪಿನ ಹೆಸರಿರಬಹುದು. ನಿಮ್ಮ ಜೊತೆ ಕರಾರು ಮಾಡಿಕೊಳ್ಳುವುದು ಆ ಹತ್ತರಲ್ಲಿ ಒಂದು. ಅದರ ಹೆಸರಲ್ಲಿ ಒಂದು ಮೇಜು ಎರಡು ಕುರ್ಚಿ ಬಿಟ್ಟು ಬೇರೇನೂ ಇಲ್ಲದಿದ್ದರೆ, ಗೆದ್ದರೂ ನಿಮಗೆ ಸಿಗುವುದು ಅದೇ ಮೇಜು ಕುರ್ಚಿ.

ಆದ್ದರಿಂದ ಆ ದೇಶದ ಕಂಪನಿ ರಿಜಿಸ್ಟ್ರಿಯಿಂದ ದಾಖಲೆ ತೆಗೆಸಿ. ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ನೋಂದಾಯಿತ ವಿಳಾಸ ಮೂರನ್ನೂ ಕರಾರಿನ ಮೊದಲ ಪುಟಕ್ಕೆ ಇದ್ದ ಹಾಗೇ ಇಳಿಸಿ. ಕೊನೆಯಲ್ಲಿ 'ಲಿಮಿಟೆಡ್' ಇದೆಯೋ 'ಎಲ್‌ಎಲ್‌ಸಿ' ಇದೆಯೋ ಅನ್ನುವುದೂ ಮುಖ್ಯ. ಸಹಿ ಹಾಕುವವರಿಗೆ ಆ ಅಧಿಕಾರ ಇದೆ ಎಂಬ ಬೋರ್ಡ್ ನಿರ್ಣಯ ಅಥವಾ ಪವರ್ ಆಫ್ ಅಟಾರ್ನಿ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಕಂಪನಿಯ ಬಗ್ಗೆ ನನಗೆ ಅನುಮಾನ ಜಾಸ್ತಿ.

ಆಸ್ತಿಯೆಲ್ಲ ತಾಯಿ ಕಂಪನಿಯ ಹೆಸರಲ್ಲಿದ್ದರೆ, ತಾಯಿ ಕಂಪನಿಯಿಂದ ಜಾಮೀನು ಪತ್ರ ತೆಗೆದುಕೊಳ್ಳಿ. ಆ ಜಾಮೀನಿಗೂ ಮೂಲ ಕರಾರಿನ ವಿವಾದ ಕಲಂ ಅನ್ನೇ ಹಾಕಿ. ಇಲ್ಲದಿದ್ದರೆ ಒಂದೇ ಬಾಕಿಗೆ ಎರಡು ದೇಶದಲ್ಲಿ ಎರಡು ಕೇಸು.

ಹೆಜ್ಜೆ 2: ಕೋರ್ಟೋ, ಆರ್ಬಿಟ್ರೇಷನ್ನೋ?

ಆರ್ಬಿಟ್ರೇಷನ್ ಅಂದರೆ ಎರಡೂ ಕಡೆಯವರು ಒಪ್ಪಿ, ಸರ್ಕಾರದ ಕೋರ್ಟಿನ ಬದಲು ಖಾಸಗಿ ತೀರ್ಪುಗಾರರ ಮುಂದೆ ಹೋಗುವುದು. ಅವರು ಕೊಡುವ ತೀರ್ಮಾನಕ್ಕೆ ಅವಾರ್ಡ್ ಅನ್ನುತ್ತಾರೆ. ಗಡಿಯಾಚೆಯ ವ್ಯಾಪಾರದಲ್ಲಿ ಇದು ಇಷ್ಟು ಬಳಕೆಗೆ ಬಂದಿದ್ದಕ್ಕೆ ಮುಖ್ಯ ಕಾರಣ ಒಂದು ಒಡಂಬಡಿಕೆ: 1958ರ ನ್ಯೂಯಾರ್ಕ್ ಕನ್ವೆನ್ಷನ್. 170ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಒಂದು ಸದಸ್ಯ ದೇಶದಲ್ಲಿ ಕೊಟ್ಟ ಅವಾರ್ಡನ್ನು ಇನ್ನೊಂದು ಸದಸ್ಯ ದೇಶದ ಕೋರ್ಟು ಮಾನ್ಯ ಮಾಡಿ ಜಾರಿಗೊಳಿಸಬೇಕು. ತಿರಸ್ಕರಿಸಲು ಇರುವ ಕಾರಣಗಳು ಐದನೇ ವಿಧಿಯಲ್ಲಿರುವ ಕೆಲವೇ ಕೆಲವು. ಆರ್ಬಿಟ್ರೇಷನ್ ಒಪ್ಪಂದವೇ ಅಸಿಂಧು, ಎದುರಾಳಿಗೆ ಸರಿಯಾಗಿ ನೋಟಿಸ್ ಹೋಗಿಲ್ಲ, ಆರ್ಬಿಟ್ರೇಟರ್‌ಗಳು ತಮ್ಮ ವ್ಯಾಪ್ತಿ ಮೀರಿದರು, ಆ ದೇಶದ ಸಾರ್ವಜನಿಕ ನೀತಿಗೆ ವಿರುದ್ಧ, ಹೀಗೆ. 'ತೀರ್ಮಾನ ತಪ್ಪಾಗಿದೆ' ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಇದನ್ನು ಎರಡು ಸಲ ಓದಿ. ಅಂದರೆ ತಪ್ಪು ಅವಾರ್ಡ್ ಬಂದರೆ ನಿಮಗೂ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ.

ಕೋರ್ಟ್ ತೀರ್ಪುಗಳಿಗೂ ಇಂಥ ವ್ಯವಸ್ಥೆ ನಿಧಾನವಾಗಿ ಬೆಳೆಯುತ್ತಿದೆ. ಕರಾರಿನಲ್ಲೇ 'ಈ ಕೋರ್ಟು ಮಾತ್ರ' ಅಂತ ಬರೆದುಕೊಂಡವರಿಗೆ 2005ರ ಹೇಗ್ ಕನ್ವೆನ್ಷನ್ ಇದೆ. 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಯುರೋಪಿಯನ್ ಒಕ್ಕೂಟ, ಬ್ರಿಟನ್, ಸಿಂಗಪುರ, ಮೆಕ್ಸಿಕೊ ಇದರಲ್ಲಿವೆ. ತೀರ್ಪುಗಳ ಮಾನ್ಯತೆಗೆಂದೇ ಮಾಡಿದ 2019ರ ಹೇಗ್ ಕನ್ವೆನ್ಷನ್ ಯುರೋಪಿಯನ್ ಒಕ್ಕೂಟ ಮತ್ತು ಉಕ್ರೇನ್ ನಡುವೆ 2023ರ ಸೆಪ್ಟೆಂಬರ್ 1ರಿಂದ, ಬ್ರಿಟನ್‌ಗೆ 2025ರ ಜುಲೈ 1ರಿಂದ ನಡೆಯುತ್ತಿದೆ. ನಿಮ್ಮ ದೇಶ, ಅವರ ದೇಶ ಎರಡೂ ಇವುಗಳಲ್ಲಿ ಇದ್ದರೆ ಕೋರ್ಟು ಒಳ್ಳೆಯ ಆಯ್ಕೆಯೇ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಆರ್ಬಿಟ್ರೇಷನ್ ಅಗ್ಗ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೋರ್ಟಿನ ನ್ಯಾಯಾಧೀಶರಿಗೆ ಸಂಬಳ ಕೊಡುವುದು ಸರ್ಕಾರ. ಆರ್ಬಿಟ್ರೇಟರ್‌ಗೆ ಫೀಸು ಕೊಡುವುದು ನೀವು. ಆರ್ಬಿಟ್ರೇಷನ್ ನಡೆಸಿಕೊಡುವ ಪ್ಯಾರಿಸ್ಸಿನ ಐಸಿಸಿ (ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್) ಸಂಸ್ಥೆಯೇ ಮಾಡಿದ ಲೆಕ್ಕದಲ್ಲಿ, ಒಟ್ಟು ಖರ್ಚಿನ 80 ಶೇಕಡಾಕ್ಕಿಂತ ಜಾಸ್ತಿ ಹೋಗುವುದು ಎರಡೂ ಕಡೆಯವರ ವಕೀಲರು, ತಜ್ಞರು, ಸಾಕ್ಷಿಗಳಿಗೆ. ಆರ್ಬಿಟ್ರೇಟರ್‌ಗಳ ಮತ್ತು ಸಂಸ್ಥೆಯ ಪಾಲು ಉಳಿದದ್ದು. ಸಣ್ಣ ಬಾಕಿಗೆ ಮೂರು ಜನ ಆರ್ಬಿಟ್ರೇಟರ್‌ಗಳನ್ನು ಕೂರಿಸಿದರೆ ಬಾಕಿಗಿಂತ ಖರ್ಚೇ ಹೆಚ್ಚಾಗುತ್ತದೆ. ವ್ಯವಹಾರವೇ ಚಿಕ್ಕದಾಗಿದ್ದರೆ, ಎದುರಾಳಿಯ ಆಸ್ತಿ ಇರುವ ದೇಶದ ಕೋರ್ಟನ್ನೇ ಒಪ್ಪಿಕೊಳ್ಳುವುದು ಕೆಲವೊಮ್ಮೆ ಜಾಣತನ. 'ಅವರ ಮನೆ ಅಂಗಳಕ್ಕೆ ನಾವು ಯಾಕೆ ಹೋಗಬೇಕು' ಅನ್ನಿಸುತ್ತದೆ, ಅಲ್ವಾ? ಆದರೆ ಹಣ ಇರುವುದು ಆ ಅಂಗಳದಲ್ಲೇ.

ಹೆಜ್ಜೆ 3: ಕಲಂ ಬರೆಯುವುದು, ಒಂದೊಂದೇ ಪದ ನೋಡಿ

ಆರ್ಬಿಟ್ರೇಷನ್ ಅಂತ ತೀರ್ಮಾನಿಸಿದರೆ ಸ್ವಂತ ಸಾಹಿತ್ಯ ಬೇಡ. ಪ್ರತಿ ಸಂಸ್ಥೆಯೂ ಮಾದರಿ ಕಲಂ ಕೊಟ್ಟಿರುತ್ತದೆ. 1923ರಲ್ಲಿ ಶುರುವಾದ ಐಸಿಸಿ ಆರ್ಬಿಟ್ರೇಷನ್ ಕೋರ್ಟಿನ ಮಾದರಿಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿರುತ್ತದೆ:

'ಈ ಕರಾರಿನಿಂದ ಹುಟ್ಟುವ ಅಥವಾ ಇದಕ್ಕೆ ಸಂಬಂಧಪಟ್ಟ ಎಲ್ಲ ವಿವಾದಗಳನ್ನು ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್‌ನ ಆರ್ಬಿಟ್ರೇಷನ್ ನಿಯಮಗಳ ಪ್ರಕಾರ, ಆ ನಿಯಮಗಳಂತೆ ನೇಮಕವಾದ ಒಬ್ಬರು ಅಥವಾ ಹೆಚ್ಚು ಆರ್ಬಿಟ್ರೇಟರ್‌ಗಳು ಅಂತಿಮವಾಗಿ ಇತ್ಯರ್ಥ ಮಾಡತಕ್ಕದ್ದು.'

ಒಂದೇ ವಾಕ್ಯ. ಆದರೆ ಇದರಲ್ಲಿ ಪ್ರತಿ ಪದಕ್ಕೂ ಒಂದು ಕೆಲಸವಿದೆ. 'ಸಂಬಂಧಪಟ್ಟ' ಅನ್ನುವ ಪದ ಇಲ್ಲದಿದ್ದರೆ, 'ನಮಗೆ ಸುಳ್ಳು ಹೇಳಿ ಸಹಿ ಹಾಕಿಸಿದರು' ಎಂಬ ದೂರು ಈ ಕಲಂ ಒಳಗೆ ಬರುತ್ತದೋ ಇಲ್ಲವೋ ಅಂತಲೇ ಮೊದಲ ವರ್ಷದ ವಾದ ನಡೆಯುತ್ತದೆ. 'ಎಲ್ಲ' ತೆಗೆದು 'ಬೆಲೆಗೆ ಸಂಬಂಧಿಸಿದ' ಅಂತ ಹಾಕಿದರೆ ಗುಣಮಟ್ಟದ ಜಗಳ ಕೋರ್ಟಿಗೆ, ಬೆಲೆಯ ಜಗಳ ಆರ್ಬಿಟ್ರೇಟರ್ ಹತ್ತಿರ. 'ಮಾಡತಕ್ಕದ್ದು' ಅನ್ನುವ ಕಡೆ 'ಮಾಡಬಹುದು' ಅಂತ ಬರೆದರೆ ಅದು ಕಡ್ಡಾಯವೋ ಐಚ್ಛಿಕವೋ ಅಂತ ಇನ್ನೊಂದು ಜಗಳ.

ಈ ವಾಕ್ಯದ ಕೆಳಗೆ ನೀವು ನಾಲ್ಕು ವಿಷಯ ಸೇರಿಸಬೇಕು. ಆರ್ಬಿಟ್ರೇಷನ್ನಿನ ಸೀಟ್ ಯಾವುದು, ಆರ್ಬಿಟ್ರೇಟರ್‌ಗಳು ಎಷ್ಟು ಜನ, ಭಾಷೆ ಯಾವುದು, ಕರಾರಿಗೆ ಯಾವ ದೇಶದ ಕಾನೂನು.

ಇವುಗಳಲ್ಲಿ ಸೀಟ್ ಬಗ್ಗೆ ಗೊಂದಲ ಜಾಸ್ತಿ. ಸೀಟ್ ಅಂದರೆ ಕುರ್ಚಿ ಹಾಕಿ ವಿಚಾರಣೆ ನಡೆಸುವ ಜಾಗ ಅಲ್ಲ. ವಿಚಾರಣೆ ವಿಡಿಯೋ ಕಾಲ್‌ನಲ್ಲೂ ನಡೆಯಬಹುದು, ಬೇರೆ ಊರಿನ ಹೋಟೆಲಿನಲ್ಲೂ ನಡೆಯಬಹುದು. ಯಾವ ದೇಶದ ಆರ್ಬಿಟ್ರೇಷನ್ ಕಾನೂನು ಈ ಪ್ರಕ್ರಿಯೆಯನ್ನು ಕಾಯುತ್ತದೆ, ಅವಾರ್ಡ್ ರದ್ದು ಮಾಡಿ ಅಂತ ಯಾವ ಕೋರ್ಟಿಗೆ ಹೋಗಬೇಕು, ಇದನ್ನು ಹೇಳುವುದು ಸೀಟ್. ಸೀಟ್ ಸಿಂಗಪುರ ಅಂದರೆ ಸಿಂಗಪುರದ ಕೋರ್ಟು. ಲಂಡನ್, ಸಿಂಗಪುರ, ಹಾಂಗ್‌ಕಾಂಗ್, ಪ್ಯಾರಿಸ್, ಜಿನೀವಾ ಇವುಗಳನ್ನು ಜನ ಹೆಚ್ಚಾಗಿ ಆರಿಸುವುದು ಅಲ್ಲಿನ ಕೋರ್ಟುಗಳು ಸುಮ್ಮಸುಮ್ಮನೆ ಕೈ ಹಾಕುವುದಿಲ್ಲ ಎಂಬ ನಂಬಿಕೆಯಿಂದ. ಸೀಟ್ ಇರುವ ದೇಶ ನ್ಯೂಯಾರ್ಕ್ ಕನ್ವೆನ್ಷನ್‌ನಲ್ಲಿ ಇದೆಯೇ ಅಂತ ಮೊದಲು ನೋಡಿ. ಕೆಲವು ದೇಶಗಳು 'ಸದಸ್ಯ ದೇಶದಲ್ಲಿ ಕೊಟ್ಟ ಅವಾರ್ಡನ್ನು ಮಾತ್ರ ಮಾನ್ಯ ಮಾಡುತ್ತೇವೆ' ಅಂತ ಷರತ್ತು ಹಾಕಿಕೊಂಡಿವೆ.

ಹಾಳಾದ ಕಲಂಗಳಿಗೆ ಈ ವೃತ್ತಿಯಲ್ಲಿ ಒಂದು ಹೆಸರೇ ಇದೆ. ಐಸಿಸಿ ಆರ್ಬಿಟ್ರೇಷನ್ ಕೋರ್ಟಿನ ಸೆಕ್ರೆಟರಿ ಜನರಲ್ ಆಗಿದ್ದ ಫ್ರೆಡೆರಿಕ್ ಐಸ್‌ಮನ್ 1974ರಲ್ಲಿ ಅವನ್ನು 'ಪೆಥಲಾಜಿಕಲ್' ಅಂದರು. ರೋಗ ಹಿಡಿದ ಕಲಂ ಅಂತ. ನನ್ನ ಕೈಗೆ ಒಮ್ಮೆ ಬಂದ ಕರಾರಿನಲ್ಲಿ ಸಂಸ್ಥೆಯ ಹೆಸರು ಒಂದು ದೇಶದ್ದು, ನಿಯಮ ಇನ್ನೊಂದು ಸಂಸ್ಥೆಯದ್ದು, ಕೊನೆಗೆ 'ಎಲ್ಲ ವಿವಾದಗಳೂ ಈ ನಗರದ ಕೋರ್ಟಿನ ವ್ಯಾಪ್ತಿಗೆ' ಅಂತ ಮತ್ತೊಂದು ಸಾಲು. ಮೂರು ಹಳೇ ಕರಾರುಗಳಿಂದ ಮೂರು ತುಂಡು ತಂದು ಹೊಲಿದಿದ್ದರು. ಇಂಥದ್ದೇ ಒಂದು ಬೆರಕೆ ಕಲಂ 2009ರಲ್ಲಿ ಸಿಂಗಪುರದ ಮೇಲ್ಮನವಿ ಕೋರ್ಟಿನವರೆಗೂ ಹೋಗಿತ್ತು. ಸಿಂಗಪುರದ ಸಂಸ್ಥೆ ನಡೆಸಬೇಕು, ಆದರೆ ಐಸಿಸಿ ನಿಯಮದ ಪ್ರಕಾರ ಅಂತ ಬರೆದಿದ್ದರು. ಕೋರ್ಟು ಕಲಂ ಅನ್ನು ಉಳಿಸಿತು. ಆಮೇಲೆ ಐಸಿಸಿ 2012ರ ನಿಯಮಗಳಲ್ಲಿ 'ನಮ್ಮ ನಿಯಮದ ಆರ್ಬಿಟ್ರೇಷನ್ ನಡೆಸುವ ಅಧಿಕಾರ ನಮಗೆ ಮಾತ್ರ' ಅಂತ ಬರೆದುಕೊಂಡಿತು. ಕಲಂ ಉಳಿಯಿತು ನಿಜ, ಆದರೆ ಉಳಿಸಿಕೊಳ್ಳಲು ಕೋರ್ಟಿನಿಂದ ಕೋರ್ಟಿಗೆ ಹೋಗಬೇಕಾಯಿತು.

ಹೆಜ್ಜೆ 4: ಯಾವ ದೇಶದ ಕಾನೂನು?

'ಈ ಕರಾರಿಗೆ ಇಂಥ ದೇಶದ ಕಾನೂನು ಅನ್ವಯ' ಅನ್ನುವ ಸಾಲು ಎಲ್ಲರೂ ಹಾಕುತ್ತಾರೆ. ಅದರ ಹಿಂದೆ ಎರಡು ಗುಂಡಿಗಳಿವೆ.

ಮೊದಲನೆಯದು ಸಿಐಎಸ್‌ಜಿ. ಸರಕುಗಳ ಅಂತರರಾಷ್ಟ್ರೀಯ ಮಾರಾಟಕ್ಕೆ ವಿಶ್ವಸಂಸ್ಥೆ 1980ರಲ್ಲಿ ವಿಯೆನ್ನಾದಲ್ಲಿ ಮಾಡಿದ ಕನ್ವೆನ್ಷನ್. 1988ರ ಜನವರಿ 1ರಿಂದ ಜಾರಿಯಲ್ಲಿದೆ. ಅಮೆರಿಕ, ಚೀನಾ, ಜರ್ಮನಿ, ಫ್ರಾನ್ಸ್, ಜಪಾನ್ ಇವೆ. ಬ್ರಿಟನ್ ಮತ್ತು ಭಾರತ ಇಲ್ಲ. ಮಾರುವವರು, ಕೊಳ್ಳುವವರು ಇಬ್ಬರ ದೇಶವೂ ಸದಸ್ಯ ಆಗಿದ್ದರೆ ನೀವು ಕೇಳದೆಯೇ ಇದು ಅನ್ವಯವಾಗುತ್ತದೆ. 'ಜರ್ಮನ್ ಕಾನೂನು' ಅಂತ ಬರೆದರೂ ಅಷ್ಟೇ, ಯಾಕೆಂದರೆ ಸಿಐಎಸ್‌ಜಿ ಜರ್ಮನ್ ಕಾನೂನಿನ ಭಾಗವೇ. ಬೇಡ ಅಂದರೆ ಸ್ಪಷ್ಟವಾಗಿ 'ಸಿಐಎಸ್‌ಜಿ ಅನ್ವಯಿಸುವುದಿಲ್ಲ' ಅಂತ ಬರೆಯಬೇಕು. ಆರನೇ ವಿಧಿ ಅದಕ್ಕೆ ಅವಕಾಶ ಕೊಟ್ಟಿದೆ. ಬಹಳ ವಕೀಲರು ಅಭ್ಯಾಸಬಲದಿಂದ ಇದನ್ನು ತೆಗೆದುಹಾಕುತ್ತಾರೆ. ನನಗೆ ಅದು ಅಷ್ಟೇನೂ ಸರಿ ಕಾಣುವುದಿಲ್ಲ. ಎರಡೂ ಕಡೆಗೆ ಗೊತ್ತಿಲ್ಲದ ಮೂರನೇ ದೇಶದ ಕಾನೂನಿಗಿಂತ, ಹಲವು ಭಾಷೆಗಳಲ್ಲಿ ಸಿಗುವ ನೂರೊಂದು ವಿಧಿಗಳ ಈ ಕನ್ವೆನ್ಷನ್ ಎಷ್ಟೋ ಮೇಲು.

ಎರಡನೇ ಗುಂಡಿ ಆಳ. ಕರಾರಿಗೆ ಒಂದು ದೇಶದ ಕಾನೂನು, ಸೀಟ್ ಇನ್ನೊಂದು ದೇಶ. ಆಗ ಆರ್ಬಿಟ್ರೇಷನ್ ಕಲಂಗೆ ಯಾವ ಕಾನೂನು? ಇದು ಬರೀ ಪಂಡಿತರ ಪ್ರಶ್ನೆ ಅನ್ನಿಸಬಹುದು. ಲೆಬನಾನಿನ ಒಂದು ಹೋಟೆಲ್ ಕಂಪನಿಗೆ ಏನಾಯಿತು ನೋಡಿ. ಅದು 2001ರಲ್ಲಿ ಕುವೈತಿನ ಒಂದು ಕಂಪನಿಗೆ ಫ್ರಾಂಚೈಸಿ ಕೊಟ್ಟಿತು. ಕರಾರಿಗೆ ಇಂಗ್ಲಿಷ್ ಕಾನೂನು, ಆರ್ಬಿಟ್ರೇಷನ್ ಪ್ಯಾರಿಸ್ಸಿನಲ್ಲಿ. ಕೆಲವು ವರ್ಷಕ್ಕೆ ಆ ಕುವೈತ್ ಕಂಪನಿ ಒಂದು ದೊಡ್ಡ ಗುಂಪಿನ ಕೆಳಗೆ ಸೇರಿತು. ಜಗಳ ಬಂದಾಗ ಲೆಬನಾನಿನವರು ಕೇಸು ಹಾಕಿದ್ದು ಮೇಲಿನ ಕಂಪನಿಯ ಮೇಲೆ. ಅದು ಕರಾರಿಗೆ ಸಹಿ ಹಾಕಿರಲೇ ಇಲ್ಲ. ಆದರೂ 2017ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ವಿರುದ್ಧವೇ ಅವಾರ್ಡ್ ಬಂತು.

ಅದನ್ನು ಹಿಡಿದು ಲಂಡನ್ನಿಗೆ ಹೋದರು. 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 'ಕಲಂಗೂ ಇಂಗ್ಲಿಷ್ ಕಾನೂನೇ. ಅದರ ಪ್ರಕಾರ ಸಹಿ ಹಾಕದ ಕಂಪನಿ ಇದಕ್ಕೆ ಬದ್ಧ ಅಲ್ಲ' ಅಂತ ಜಾರಿಗೆ ಒಪ್ಪಲಿಲ್ಲ. 2022ರಲ್ಲಿ ಫ್ರಾನ್ಸಿನ ಅತ್ಯುನ್ನತ ಕೋರ್ಟ್ 'ಸೀಟ್ ಪ್ಯಾರಿಸ್. ನಮ್ಮ ನಿಯಮದ ಪ್ರಕಾರ ಬದ್ಧ' ಅಂತ ಅದೇ ಅವಾರ್ಡನ್ನು ಎತ್ತಿಹಿಡಿಯಿತು. ಒಂದೇ ಕಾಗದ. ಇಂಗ್ಲಿಷ್ ಕಾಲುವೆಯ ಈಚೆಗೆ ಬೆಲೆ ಇದೆ, ಆಚೆಗೆ ಇಲ್ಲ.

ಬ್ರಿಟನ್ ಆಮೇಲೆ ಕಾನೂನನ್ನೇ ಬದಲಿಸಿತು. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಹೊಸ ಆರ್ಬಿಟ್ರೇಷನ್ ಕಾಯ್ದೆಯಲ್ಲಿ, ಕಲಂಗೆ ಬೇರೆ ಕಾನೂನು ಅಂತ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಸೀಟ್ ಇರುವ ದೇಶದ ಕಾನೂನೇ ಅದಕ್ಕೆ ಅನ್ವಯ. ಎಲ್ಲ ದೇಶಗಳೂ ಹಾಗೆ ಮಾಡಿಲ್ಲ. ಇದಕ್ಕೆ ಪರಿಹಾರ ಒಂದು ಸಾಲು: 'ಈ ಆರ್ಬಿಟ್ರೇಷನ್ ಕಲಂಗೆ ಇಂಥ ದೇಶದ ಕಾನೂನು ಅನ್ವಯ.' ಬರೆಯಲು ಅರ್ಧ ನಿಮಿಷ ಸಾಕು.

ಹೆಜ್ಜೆ 5: ಕೋಳಿ ಅಂದರೇನು?

ಈಗ ಕರಾರಿನ ಹೊಟ್ಟೆಯೊಳಗೆ ಬರೋಣ. 1957ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಕಂಪನಿ ನ್ಯೂಯಾರ್ಕಿನ ಕಂಪನಿಯಿಂದ ಫ್ರೋಜನ್ ಕೋಳಿ ಕೊಂಡಿತು. ಎರಡು ತೂಕದ ಕೋಳಿ: ಒಂದೂವರೆಯಿಂದ ಎರಡು ಪೌಂಡಿನದ್ದು, ಎರಡೂವರೆಯಿಂದ ಮೂರು ಪೌಂಡಿನದ್ದು. ಬಂದ ಸರಕು ನೋಡಿದರೆ ದೊಡ್ಡ ತೂಕದ್ದೆಲ್ಲ ಬಲಿತ ಕೋಳಿ. ಗಂಟೆಗಟ್ಟಲೆ ಬೇಯಿಸುವಂಥದ್ದು. ಕೊಂಡವರು 'ಕೋಳಿ ಅಂದರೆ ಎಳೆಯದು, ಸುಡುವುದಕ್ಕೆ ಹುರಿಯುವುದಕ್ಕೆ ಆಗುವಂಥದ್ದು' ಅಂದರು. ಮಾರಿದವರು 'ಮುದಿ ಕೋಳಿಯೂ ಕೋಳಿಯೇ' ಅಂದರು.

1960ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೆನ್ರಿ ಫ್ರೆಂಡ್ಲಿ ಅವರು ತೀರ್ಪು ಶುರು ಮಾಡಿದ್ದೇ 'ಇಲ್ಲಿರುವ ಪ್ರಶ್ನೆ, ಕೋಳಿ ಅಂದರೇನು?' ಅಂತ. ಡಿಕ್ಷನರಿ ನೋಡಿದರು, ವ್ಯಾಪಾರಿಗಳ ಸಾಕ್ಷ್ಯ ಕೇಳಿದರು, ಸರ್ಕಾರದ ವರ್ಗೀಕರಣ ನೋಡಿದರು, ಎರಡೂ ಕಡೆಯವರ ನಡುವೆ ಹೋಗಿದ್ದ ಜರ್ಮನ್ ಭಾಷೆಯ ಕೇಬಲ್‌ಗಳನ್ನೂ ಓದಿದರು. ಎಳೆ ಕೋಳಿ ಎಂಬ ಅರ್ಥವೇ ಇತ್ತು ಅಂತ ಸಾಬೀತು ಮಾಡುವ ಹೊಣೆ ಕೊಂಡವರ ಮೇಲಿತ್ತು. ಅದು ಅವರಿಂದ ಆಗಲಿಲ್ಲ. ಸೋತರು. ಕರಾರಿನಲ್ಲಿ 'ಎಳೆಯ' ಅಂತ ಒಂದು ಪದ ಇದ್ದಿದ್ದರೆ ಈ ಕೇಸೇ ಇರುತ್ತಿರಲಿಲ್ಲ.

ನಿಮ್ಮ ಸರಕಿಗೂ ಇದೇ ಪರೀಕ್ಷೆ ಮಾಡಿ. ಈ ವ್ಯಾಪಾರ ಗೊತ್ತಿಲ್ಲದ ಒಬ್ಬರಿಗೆ ವಿವರಣೆ ಓದಲು ಕೊಡಿ. ಅವರು ಅಂಗಡಿಯಿಂದ ಸರಿಯಾದ ವಸ್ತು ಎತ್ತಿಕೊಂಡು ಬರಬಲ್ಲರಾ? ಗ್ರೇಡು, ತೇವಾಂಶ, ಅಳತೆ, ಯಾವ ಲ್ಯಾಬಿನ ಪರೀಕ್ಷೆ, ಯಾವ ಹಂತದಲ್ಲಿ ತಪಾಸಣೆ, ಎಲ್ಲ ಬರೆಯಿರಿ. ಕರಾರು ಎರಡು ಭಾಷೆಯಲ್ಲಿದ್ದರೆ ವ್ಯತ್ಯಾಸ ಬಂದಾಗ ಯಾವ ಭಾಷೆ ಮೇಲು ಅಂತ ಹೇಳಿ.

ಸಾಗಾಟದ ಬಗ್ಗೆ ಇನ್‌ಕೋಟರ್ಮ್ಸ್, ಅಂದರೆ ಸಾಗಾಟದ ಖರ್ಚು, ಹೊಣೆ ಯಾರದ್ದು ಅಂತ ಹೇಳುವ ಐಸಿಸಿಯ ಸಿದ್ಧ ಪದಗಳನ್ನು ಬಳಸುತ್ತೀರಿ, ಸರಿ. 'ಇನ್‌ಕೋಟರ್ಮ್ಸ್ 2020' ಅಂತ ವರ್ಷ ಸೇರಿಸಿ, ಬಂದರಿನ ಹೆಸರು ಸೇರಿಸಿ. ಹನ್ನೊಂದು ಪದಗಳಲ್ಲಿ ಜನ ಎಡವುವುದು ಸಿಐಎಫ್‌ನಲ್ಲಿ (ಕಾಸ್ಟ್, ಇನ್ಶೂರೆನ್ಸ್ ಆ್ಯಂಡ್ ಫ್ರೈಟ್). ಮಾರುವವರು ತಲುಪುವ ಬಂದರಿನವರೆಗೆ ಹಡಗು ಬಾಡಿಗೆ, ವಿಮೆ ಕಟ್ಟುತ್ತಾರೆ. ಹಾಗಾಗಿ ಅಲ್ಲಿಯವರೆಗೆ ಜವಾಬ್ದಾರಿಯೂ ಅವರದ್ದೇ ಅಂತ ಕೊಳ್ಳುವವರು ಅಂದುಕೊಳ್ಳುತ್ತಾರೆ. ಇಲ್ಲ. ಹೊರಡುವ ಬಂದರಿನಲ್ಲಿ ಸರಕು ಹಡಗು ಹತ್ತಿದ ಕ್ಷಣಕ್ಕೆ ನಷ್ಟದ ಹೊಣೆ ಕೊಳ್ಳುವವರಿಗೆ ದಾಟುತ್ತದೆ. ಇನ್ನೊಂದು ಮಾತು: ಸರಕಿನ ಮಾಲೀಕತ್ವ ಯಾವಾಗ ದಾಟುತ್ತದೆ ಅಂತ ಇನ್‌ಕೋಟರ್ಮ್ಸ್ ಹೇಳುವುದೇ ಇಲ್ಲ. ಅದನ್ನು ನೀವೇ ಬರೆಯಬೇಕು.

ದುಡ್ಡಿಗೆ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಹೇಳಿದ ಕಾಗದ ಕೊಟ್ಟರೆ ಹಣ ಕೊಡುತ್ತೇವೆ ಎಂಬ ಬ್ಯಾಂಕಿನ ಭರವಸೆ) ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಆದರೆ ಎಲ್‌ಸಿಗಳಿಗೆ ಬ್ಯಾಂಕುಗಳು ಬಳಸುವ ಯುಸಿಪಿ 600 ನಿಯಮದಲ್ಲಿ ಬ್ಯಾಂಕು ನೋಡುವುದು ಕಾಗದ, ಸರಕಲ್ಲ. ಕಾಗದ ಪರಿಶೀಲಿಸಲು ಬ್ಯಾಂಕಿಗೆ ಐದು ಬ್ಯಾಂಕಿಂಗ್ ದಿನ ಇರುತ್ತದೆ. ಬಿಲ್ ಆಫ್ ಲೇಡಿಂಗ್‌ನ, ಅಂದರೆ ಸರಕು ಪಡೆದಿದ್ದಕ್ಕೆ ಹಡಗಿನವರು ಕೊಡುವ ಪತ್ರದ ತಾರೀಕು, ಎಲ್‌ಸಿಯಲ್ಲಿ ಸಾಗಾಟಕ್ಕೆ ಹೇಳಿದ ಕೊನೇ ದಿನ ದಾಟಿದ್ದರೆ ಸರಕು ಎಷ್ಟೇ ಚೆನ್ನಾಗಿದ್ದರೂ ಹಣ ನಿಲ್ಲುತ್ತದೆ. ಎಲ್‌ಸಿಯ ಕರಡು ಬಂದ ದಿನವೇ ಇಷ್ಟೂ ಕಾಗದ ಆ ಗಡುವಿನೊಳಗೆ ನಮ್ಮಿಂದ ಆಗುತ್ತದಾ ಅಂತ ಸಾಗಾಟದವರ ಜೊತೆ ಕೂತು ನೋಡಿ.

ಹೆಜ್ಜೆ 6: ಮೊದಲು ಮಾತುಕತೆ, ಆದರೆ ಗಡುವು ಇಟ್ಟು

'ಮೊದಲು ಸೌಹಾರ್ದದಿಂದ ಬಗೆಹರಿಸಿಕೊಳ್ಳತಕ್ಕದ್ದು' ಅನ್ನುವ ಸಾಲು ಕೇಳಲು ಚೆನ್ನಾಗಿದೆ. ಎಷ್ಟು ದಿನ? ಯಾರ ಜೊತೆ? ಅದು ಬರೆದಿಲ್ಲದಿದ್ದರೆ, ಸಾಲಗಾರ 'ಇನ್ನೂ ಮಾತುಕತೆ ಮುಗಿದಿಲ್ಲ, ನಿಮ್ಮ ಕೇಸು ಅವಸರದ್ದು' ಅಂತ ಆಕ್ಷೇಪ ಎತ್ತುತ್ತಾನೆ. ಬದಲಿಗೆ ಹೀಗೆ ಬರೆಯಿರಿ: ಲಿಖಿತ ನೋಟಿಸ್ ಮುಟ್ಟಿದ 30 ದಿನದೊಳಗೆ ಎರಡೂ ಕಂಪನಿಯ ನಿರ್ದೇಶಕರ ಮಟ್ಟದವರು ಮಾತಾಡಬೇಕು. ಆಗದಿದ್ದರೆ ಯಾರು ಬೇಕಾದರೂ ಆರ್ಬಿಟ್ರೇಷನ್ ಶುರು ಮಾಡಬಹುದು.

ಮೀಡಿಯೇಶನ್, ಅಂದರೆ ಸಂಧಾನಕಾರರನ್ನು ಕೂರಿಸಿ ಮಾತಾಡುವುದು, ಒಳ್ಳೆಯ ದಾರಿ. ಮುಂದೆಯೂ ವ್ಯಾಪಾರ ಮಾಡಬೇಕು ಅನ್ನುವವರಿಗಂತೂ ಇದೇ ಸರಿ. ಅಲ್ಲಿ ಆದ ರಾಜಿ ಪತ್ರವನ್ನು ಬೇರೆ ದೇಶದಲ್ಲಿ ಜಾರಿ ಮಾಡಿಸಲು 'ಸಿಂಗಪುರ ಕನ್ವೆನ್ಷನ್' ಇದೆ. 2019ರ ಆಗಸ್ಟ್ 7ರಂದು ಮೊದಲ ದಿನವೇ 46 ದೇಶಗಳು ಸಹಿ ಹಾಕಿದವು. 2020ರ ಸೆಪ್ಟೆಂಬರ್ 12ರಿಂದ ಜಾರಿಯಲ್ಲಿದೆ. ಸಹಿ ಹಾಕಿದ ಎಲ್ಲ ದೇಶಗಳೂ ಇನ್ನೂ ಅನುಮೋದಿಸಿಲ್ಲ. ನಿಮ್ಮ ಎದುರಾಳಿಯ ದೇಶ ಅನುಮೋದಿಸಿದೆಯೇ ಅಂತ ನೋಡಿಕೊಳ್ಳಿ.

ಹೆಜ್ಜೆ 7: ಜಗಳ ಬಂದೇ ಬಿಟ್ಟರೆ ಮೊದಲ ವಾರ

ಸಿಟ್ಟಿನಲ್ಲಿ ಮೆಸೇಜ್ ಹಾಕಬೇಡಿ. ನಿಮ್ಮ ಪ್ರತಿ ಮೆಸೇಜೂ ನಾಳೆ ಸಾಕ್ಷ್ಯ. 2023ರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಕೋರ್ಟು, ಅಗಸೆ ಬೀಜದ ಕರಾರಿನ ಫೋಟೋಗೆ ರೈತರೊಬ್ಬರು ಕಳಿಸಿದ ಹೆಬ್ಬೆರಳಿನ ಎಮೋಜಿಯನ್ನು ಒಪ್ಪಿಗೆಯ ಸಹಿ ಅಂತಲೇ ತೆಗೆದುಕೊಂಡಿತು. ಬೀಜ ಕೊಡದ ರೈತರು 82 ಸಾವಿರ ಕೆನಡಿಯನ್ ಡಾಲರ್‌ಗೂ ಹೆಚ್ಚು ಪರಿಹಾರ ಕಟ್ಟಬೇಕಾಯಿತು.

ಸರಕು ಸರಿಯಿಲ್ಲ ಅಂದರೆ ತಕ್ಷಣ ತಪಾಸಣೆ ಮಾಡಿಸಿ, ಫೋಟೋ ತೆಗೆದು, ಏನು ದೋಷ ಅಂತ ವಿವರವಾಗಿ ಬರೆದು ನೋಟಿಸ್ ಕಳಿಸಿ. 'ಗುಣಮಟ್ಟ ಚೆನ್ನಾಗಿಲ್ಲ' ಅಂದರೆ ಸಾಲದು. ಸಿಐಎಸ್‌ಜಿ 39ನೇ ವಿಧಿಯಲ್ಲಿ, ದೋಷ ಗೊತ್ತಾದ ಮೇಲೆ ಸಮಂಜಸ ಸಮಯದೊಳಗೆ ಅದು ಎಂಥ ದೋಷ ಅಂತ ಹೇಳದಿದ್ದರೆ ಹಕ್ಕೇ ಹೋಗುತ್ತದೆ. ಏನೇ ಆದರೂ ಸರಕು ಕೈಗೆ ಬಂದ ಎರಡು ವರ್ಷ ಕೊನೆಯ ಗಡಿ. ನೋಟಿಸನ್ನು ಕರಾರಿನಲ್ಲಿ ಹೇಳಿದ ವಿಳಾಸಕ್ಕೆ, ಹೇಳಿದ ರೀತಿಯಲ್ಲೇ ಕಳಿಸಿ. ಕೊರಿಯರ್ ಅಂತ ಇದ್ದರೆ ಕೊರಿಯರ್. ವಾಟ್ಸ್ಆ್ಯಪ್‌ನಲ್ಲಿ ನೀಲಿ ಟಿಕ್ ಬಂತು ಅಂತ ಸುಮ್ಮನಾಗಬೇಡಿ.

ಕಾಲಮಿತಿ ಲೆಕ್ಕ ಹಾಕಿ. ಕರಾರು ಮುರಿದದ್ದಕ್ಕೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಆರು ವರ್ಷ. ಜರ್ಮನಿಯಲ್ಲಿ ಬಾಕಿ ಹಣಕ್ಕೆ ಸಾಮಾನ್ಯ ಅವಧಿ ಮೂರು ವರ್ಷ, ಅದೂ ಆ ವರ್ಷದ ಕೊನೆಯಿಂದ ಎಣಿಕೆ. 'ಮಾತಾಡೋಣ ಮಾತಾಡೋಣ' ಅಂತ ಎಳೆಯುವವರು ಎಷ್ಟೋ ಸಲ ಕಾಯುತ್ತಿರುವುದು ಈ ತಾರೀಕನ್ನೇ.

ಹೆಜ್ಜೆ 8: ಆರ್ಬಿಟ್ರೇಷನ್ ಶುರು ಮಾಡುವುದು

ಸಂಸ್ಥೆಗೆ ಅರ್ಜಿ ಮತ್ತು ಶುಲ್ಕ ಕೊಟ್ಟರೆ ಕೇಸು ಶುರು. ಐಸಿಸಿಯ 2021ರ ನಿಯಮದಲ್ಲಿ ಅರ್ಜಿ ಶುಲ್ಕ 5,000 ಡಾಲರ್, ವಾಪಸ್ ಇಲ್ಲ. ಆಮೇಲೆ ಆರ್ಬಿಟ್ರೇಷನ್ ಖರ್ಚಿಗೆ ಮುಂಗಡ ಬೇರೆ. ಎದುರಾಳಿ ತನ್ನ ಪಾಲಿನ ಮುಂಗಡ ಕಟ್ಟದೆ ಕೂತರೆ ಅದನ್ನೂ ಸದ್ಯಕ್ಕೆ ನೀವೇ ಕಟ್ಟಬೇಕಾಗಬಹುದು. ಈ ಲೆಕ್ಕ ಮೊದಲೇ ಇಟ್ಟುಕೊಳ್ಳಿ.

ವಿವಾದ ಚಿಕ್ಕದಾದರೆ ಬೇಗ ಮುಗಿಸುವ ದಾರಿ ಇದೆ. ಅದೇ 2021ರ ನಿಯಮದಲ್ಲಿ, 2021ರ ಜನವರಿ 1ರಂದು ಅಥವಾ ಆಮೇಲೆ ಆದ ಕರಾರುಗಳಿಗೆ 30 ಲಕ್ಷ ಡಾಲರ್‌ವರೆಗೆ ತ್ವರಿತ ವಿಧಾನ. ಸಾಮಾನ್ಯವಾಗಿ ಒಬ್ಬರೇ ಆರ್ಬಿಟ್ರೇಟರ್. ಕೇಸು ಹೇಗೆ ನಡೆಸಬೇಕು ಅಂತ ಗೊತ್ತುಮಾಡುವ ಮೊದಲ ಸಭೆಯಿಂದ ಆರು ತಿಂಗಳಲ್ಲಿ ಅವಾರ್ಡ್.

ಎದುರಾಳಿ ಆಸ್ತಿ ಸಾಗಿಸುತ್ತಿದ್ದಾನೆ ಅನ್ನಿಸಿದರೆ, ಆರ್ಬಿಟ್ರೇಟರ್ ನೇಮಕವಾಗುವವರೆಗೆ ಕಾಯಬೇಕಿಲ್ಲ. 'ಎಮರ್ಜೆನ್ಸಿ ಆರ್ಬಿಟ್ರೇಟರ್' ಕೇಳಬಹುದು. ಐಸಿಸಿಯ 2021ರ ನಿಯಮದಲ್ಲಿ ಅದಕ್ಕೆ 40,000 ಡಾಲರ್. ಕಡತ ಕೈಗೆ ಬಂದ 15 ದಿನದಲ್ಲಿ ಆದೇಶ. ಇದಕ್ಕಿಂತ ಆಸ್ತಿ ಇರುವ ದೇಶದ ಕೋರ್ಟಿನಲ್ಲಿ ನೇರವಾಗಿ ತಡೆಯಾಜ್ಞೆ ಕೇಳುವುದು ಬಹಳ ಸಲ ಪರಿಣಾಮಕಾರಿ. ಬ್ಯಾಂಕಿನ ಮ್ಯಾನೇಜರು ಆರ್ಬಿಟ್ರೇಟರ್ ಮಾತು ಕೇಳಲಿಕ್ಕಿಲ್ಲ, ಕೋರ್ಟಿನ ಮಾತು ಕೇಳುತ್ತಾರೆ.

ಹೆಜ್ಜೆ 9: ಅವಾರ್ಡ್ ಬಂತು. ವಸೂಲಿ?

ರದ್ದತಿಗೆ ಹೋಗುವ ಗಡುವು ಮುಗಿಯಿತೇ ನೋಡಿ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗದ (ಅನ್ಸಿಟ್ರಾಲ್) ಮಾದರಿ ಕಾನೂನು ಅಳವಡಿಸಿಕೊಂಡ ದೇಶಗಳಲ್ಲಿ ಅದು ಸಾಮಾನ್ಯವಾಗಿ ಮೂರು ತಿಂಗಳು, ಇಂಗ್ಲೆಂಡಿನಲ್ಲಿ 28 ದಿನ. ಆಸ್ತಿ ಇರುವ ದೇಶದ ವಕೀಲರನ್ನು ಹಿಡಿಯಿರಿ. ನ್ಯೂಯಾರ್ಕ್ ಕನ್ವೆನ್ಷನ್ನಿನ ನಾಲ್ಕನೇ ವಿಧಿ ಕೇಳುವುದು ಅವಾರ್ಡಿನ ದೃಢೀಕೃತ ಮೂಲ ಅಥವಾ ಪ್ರಮಾಣಿತ ನಕಲು, ಆರ್ಬಿಟ್ರೇಷನ್ ಒಪ್ಪಂದದ ಮೂಲ ಅಥವಾ ಪ್ರಮಾಣಿತ ನಕಲು, ಬೇಕಿದ್ದರೆ ಅಲ್ಲಿನ ಭಾಷೆಗೆ ಪ್ರಮಾಣಿತ ಅನುವಾದ. ಆದ್ದರಿಂದ ಸಹಿಯಾದ ಮೂಲ ಕರಾರನ್ನು ಸಹಿ ಹಾಕಿದ ದಿನವೇ ಒಂದು ಭದ್ರ ಕಡೆ ಇಡಿ. ಐದಾರು ವರ್ಷದ ನಂತರ ಅದನ್ನು ಹುಡುಕುವವರ ಮುಖ ನಾನು ನೋಡಿದ್ದೇನೆ.

ಅಲ್ಲಿನ ಕೋರ್ಟು ಒಪ್ಪಿತು ಅಂದರೆ ಮುಂದಿನದ್ದು ಮಾಮೂಲಿ ಅಮಲ್ಜಾರಿ. ಖಾತೆ ಜಪ್ತಿ, ಸರಕು ಜಪ್ತಿ. ಆಗ ಅಧಿಕಾರಿ ಒಂದು ಕೈಯಲ್ಲಿ ಕೋರ್ಟಿನ ಆದೇಶ ಹಿಡಿದು, ಇನ್ನೊಂದು ಕೈಯಲ್ಲಿ ಬ್ಯಾಂಕಿನ ದಾಖಲೆ ಹಿಡಿದು, ಎರಡರಲ್ಲೂ ಇರುವ ಕಂಪನಿಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತಾರೆ. ಕೊನೆಯ 'ಲಿಮಿಟೆಡ್' ಸಮೇತ.